ನಾಲ್ಕು ತಿಂಗಳಾದರೂ ಕೂಡದ ಕಾಲಿನ ಮೂಳೆ: ಸ್ಕ್ರೂ ತೆಗೆದರೆ ಕೂಡುತ್ತದೆ ಎಂಬುದು ಹೇಗೆ?

ನಿಟ್ಟೂರಿನ ತೋಟದಮನೆ · ಮಾರ್ಚ್ 14

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ನಿಟ್ಟೂರಿನ ಕಡೆ ಅಡಿಕೆ ತೋಟದ ಮನೆ. ಕಳೆದ ನವೆಂಬರ್‌ನಲ್ಲಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಾರದ ಒಂದು ದಿನ, ನನ್ನ ಅಣ್ಣ ತಾನೇ ಮರ ಹತ್ತಿ ಕೊನೆ ಇಳಿಸುತ್ತಿದ್ದಾಗ, ಒಂದು ಮರದಿಂದ ಮತ್ತೊಂದಕ್ಕೆ ದಾಟುವ ಹೊತ್ತಿನಲ್ಲಿ ಕೈ ತಪ್ಪಿ ಬಿದ್ದರು. ಮರದ ಬುಡದಲ್ಲಿ ಸೊಪ್ಪು ಹಾಸಿದ್ದರಿಂದ ಜೀವ ಉಳಿಯಿತು. ಎಡಗಾಲಿನ ಮೊಣಕಾಲಿನ ಕೆಳಗಿನ ಎರಡೂ ಮೂಳೆಗಳು, ಹರಡಿಗಿಂತ ಒಂದು ಗೇಣು ಮೇಲೆ ಮುರಿದಿದ್ದವು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ದೊಡ್ಡ ಮೂಳೆಯೊಳಗೆ ರಾಡ್ ಹಾಕಿ, ಮೇಲೆ ಎರಡು ಮತ್ತು ಕೆಳಗೆ ಎರಡು ಸ್ಕ್ರೂ ಬಿಗಿದು ಕಳುಹಿಸಿದರು.

ಆರು ವಾರದ ನಂತರ ವಾಕರ್ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕಾಲು ಊರಬೇಕೆಂದು ವೈದ್ಯರು ಹೇಳಿದ್ದರು. ಆದರೆ ಮೂಳೆ ಕೂಡುವ ತನಕ ನೆಲಕ್ಕೆ ಕಾಲು ಸೋಕಿಸಬಾರದೆಂದು ಅಮ್ಮ ಹಟ ಹಿಡಿದರು. ಅಣ್ಣನಿಗೂ ಭಯವಿತ್ತು. ಹೀಗಾಗಿ ನಾಲ್ಕು ತಿಂಗಳು ಅವರು ಜಗಲಿಯ ಮಂಚದಲ್ಲೇ ಕಳೆದರು. ಮೊನ್ನೆ ತೆಗೆಸಿದ ಎಕ್ಸ್-ರೇಯಲ್ಲಿ ಮುರಿದ ಗೆರೆ ಸ್ಪಷ್ಟವಾಗಿ ಕಾಣುತ್ತಿದೆ. ಈಗ ಮೇಲಿನ ಸ್ಕ್ರೂಗಳನ್ನು ತೆಗೆದು ನಡೆಸಬೇಕು, ಆಗ ಕೂಡುತ್ತದೆ ಎಂದು ವೈದ್ಯರು ಹೇಳುತ್ತಿದ್ದಾರೆ. ಕೂಡದ ಮೂಳೆಗೆ ಇರುವ ಆಧಾರವನ್ನೇ ತೆಗೆದರೆ ಅದು ಹೇಗೆ ಕೂಡೀತು ಎಂಬುದು ಮನೆಯವರೆಲ್ಲರ ಪ್ರಶ್ನೆ. ಸ್ಕ್ರೂ ತೆಗೆಸುವ ಬದಲು ನಾಟಿ ವೈದ್ಯರ ಬಳಿ ಎಣ್ಣೆ ಹಾಕಿ ಕಟ್ಟಿಸಿ ಎಂದು ನೆಂಟರು ಹೇಳುತ್ತಿದ್ದಾರೆ. ಮೂಳೆ ಒಳಗೆ ಹೇಗಿರುತ್ತದೆ, ಹೇಗೆ ಕೂಡುತ್ತದೆ ಎಂಬುದನ್ನು ತಿಳಿದವರು ವಿವರವಾಗಿ ತಿಳಿಸಿದರೆ ಅಮ್ಮನಿಗೆ ಓದಿ ಹೇಳುತ್ತೇನೆ.

ಜೀವಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ · ಮಾರ್ಚ್ 14

ಸ್ಕ್ರೂವಿನ ವಿಷಯವನ್ನು ವೈದ್ಯರೊಬ್ಬರು ಹೇಳಿದರೆ ಒಳ್ಳೆಯದು. ನಿಮ್ಮ ತಾಯಿಯವರ ಭಯಕ್ಕೆ ಕಾರಣವಾದ ತಿಳಿವಳಿಕೆಯ ಬಗ್ಗೆ ಮಾತ್ರ ನಾನು ಬರೆಯಬಲ್ಲೆ, ಏಕೆಂದರೆ ಮೂವತ್ತು ವರ್ಷ ಪಾಠ ಮಾಡುವಾಗ ಮಕ್ಕಳಲ್ಲೂ ಅವರ ಹೆತ್ತವರಲ್ಲೂ ಇದೇ ತಿಳಿವಳಿಕೆಯನ್ನು ಕಂಡಿದ್ದೇನೆ. ಮೂಳೆಯನ್ನು ನಾವು ಮನೆಯ ತೊಲೆಯ ಹಾಗೆ ಎಣಿಸುತ್ತೇವೆ. ತೊಲೆ ಬಿರುಕು ಬಿಟ್ಟರೆ ಅದರ ಮೇಲಿನ ಭಾರ ಇಳಿಸುವುದೇ ಸರಿ, ಏಕೆಂದರೆ ಅದು ಕಡಿದ ಮರ. ಮೂಳೆಯಾದರೋ ತೋಟದಲ್ಲಿ ನಿಂತಿರುವ ಮರ. ಅದರೊಳಗೆ ರಕ್ತ ಹರಿಯುತ್ತದೆ, ನರಗಳಿವೆ, ಹಗಲಿರುಳು ಕೆಲಸ ಮಾಡುವ ಜೀವಕೋಶಗಳಿವೆ.

ಅಡಿಕೆ ಮರವನ್ನು ಸೀಳಿ ದಬ್ಬೆ ತೆಗೆದವರಿಗೆ ಮೂಳೆಯ ರಚನೆಯನ್ನು ವಿವರಿಸುವುದು ಸುಲಭ. ಹೊರಗಿನ ಸುತ್ತು ಕತ್ತಿಯ ಬಾಯಿ ತಿರುಗುವಷ್ಟು ಗಟ್ಟಿಯಾಗಿರುತ್ತದೆ, ಒಳಗೆ ಮೆತ್ತನೆಯ ತಿರುಳಿರುತ್ತದೆ. ತೊಡೆಯ ಮೂಳೆಯನ್ನು ಅಡ್ಡ ಕೊಯ್ದರೂ ಹೀಗೆಯೇ: ಹೊರಗೆ ದಟ್ಟವಾದ ಗೋಡೆ, ನಡುವೆ ಮಜ್ಜೆ ತುಂಬಿದ ಪೊಳ್ಳು. ಬಾಗುವ ಕಂಬದಲ್ಲಿ ಹೆಚ್ಚಿನ ಎಳೆತ ಮತ್ತು ಒತ್ತಡ ಹೊರಮೈಯ ಮೇಲೆ ಬೀಳುವುದರಿಂದ, ಗಟ್ಟಿ ವಸ್ತುವನ್ನು ಹೊರಗಿಟ್ಟು ನಡುವನ್ನು ಹಗುರ ಮಾಡಿದರೆ ಕಡಿಮೆ ತೂಕದಲ್ಲಿ ಹೆಚ್ಚು ಬಲ ಬರುತ್ತದೆ. ಬಿದಿರು ನಿಂತಿರುವುದೂ ಇದೇ ಲೆಕ್ಕದಲ್ಲಿ. ಮೂಳೆಯ ತುದಿಗಳಲ್ಲಿ, ಕೀಲಿನ ಹತ್ತಿರ, ಪೊಳ್ಳಿನ ಬದಲು ಜೇನುಗೂಡಿನಂತಹ ಸಣ್ಣ ಕಂಬಿಗಳ ಬಲೆ ಇರುತ್ತದೆ, ಆ ಕಂಬಿಗಳು ಭಾರ ಹರಿಯುವ ದಿಕ್ಕಿನಲ್ಲೇ ಜೋಡಣೆಯಾಗಿರುತ್ತವೆ. ನಮ್ಮ ಒಟ್ಟು ಮೂಳೆಯ ತೂಕದಲ್ಲಿ ಸುಮಾರು 80 ಭಾಗ ದಟ್ಟ ಮೂಳೆ, 20 ಭಾಗ ಈ ಜೇನುಗೂಡಿನ ಮೂಳೆ.

ಶಾಲೆಯಲ್ಲಿ ನಾನು ಪ್ರತಿ ವರ್ಷ ಮಾಡಿಸುತ್ತಿದ್ದ ಒಂದು ಪ್ರಯೋಗವಿದೆ. ಕೋಳಿಯ ಕಾಲಿನ ಮೂಳೆಯನ್ನು ತೊಳೆದು ವಿನೆಗರ್‌ನಲ್ಲಿ ಒಂದು ವಾರ ನೆನೆಸಿಟ್ಟರೆ ಅದರ ಸುಣ್ಣದ ಅಂಶ ಕರಗಿ ಹೋಗಿ, ಮೂಳೆಯ ಆಕಾರ ಹಾಗೇ ಉಳಿದು, ರಬ್ಬರಿನಂತೆ ಬಾಗುತ್ತದೆ. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಆಗಲೂ ಆಕಾರ ಉಳಿಯುತ್ತದೆ, ಆದರೆ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಅಸ್ಥಿ ಸಂಚಯನಕ್ಕೆ ಹೋದವರು ಇದನ್ನು ಕೈಯಾರೆ ಮುಟ್ಟಿ ತಿಳಿದಿರುತ್ತಾರೆ. ಮೊದಲನೆಯದರಲ್ಲಿ ಉಳಿದದ್ದು ಕೊಲಾಜೆನ್ ಎಂಬ ನಾರು. ಎರಡನೆಯದರಲ್ಲಿ ಉಳಿದದ್ದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ಮೂಳೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಖನಿಜ, ಉಳಿದದ್ದು ನಾರು ಮತ್ತು ನೀರು. ಮೂಳೆಗೆ ಕ್ಯಾಲ್ಸಿಯಂ ಮಾತ್ರೆ ಸಾಕು ಎನ್ನುವವರು ನಾರನ್ನು ಮರೆಯುತ್ತಾರೆ, ನಾರು ಕಟ್ಟಲು ಊಟದಲ್ಲಿ ಪ್ರೋಟೀನ್ ಬೇಕು.

ದಟ್ಟ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ವರ್ಷವಲಯಗಳಂತಹ ಸುತ್ತುಗಳು ಕಾಣುತ್ತವೆ. ಪ್ರತಿ ಸುತ್ತಿನ ನಡುವೆ ಒಂದು ರಂಧ್ರ, ಅದರಲ್ಲಿ ರಕ್ತನಾಳ. ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ 1691ರಲ್ಲಿ ಈ ರಂಧ್ರಗಳನ್ನು ವರ್ಣಿಸಿದ್ದರಿಂದ ಅವುಗಳಿಗೆ ಇಂದಿಗೂ ಅವರದೇ ಹೆಸರಿದೆ. ಸುತ್ತುಗಳ ನಡುವಿನ ಪುಟ್ಟ ಗೂಡುಗಳಲ್ಲಿ ಆಸ್ಟಿಯೋಸೈಟ್ ಎಂಬ ಕೋಶಗಳು ಕುಳಿತು, ಕೂದಲಿಗಿಂತ ತೆಳ್ಳನೆಯ ಕಾಲುವೆಗಳ ಮೂಲಕ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ನಾವು ಹೆಜ್ಜೆ ಇಟ್ಟಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕಾಲುವೆಗಳಲ್ಲಿನ ದ್ರವ ಅಲುಗುತ್ತದೆ, ಭಾರ ಎಲ್ಲಿ ಬಿತ್ತು ಎಂಬುದು ಈ ಕೋಶಗಳಿಗೆ ತಿಳಿಯುತ್ತದೆ. ಅವುಗಳ ಸೂಚನೆಯಂತೆ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 10 ಭಾಗ ಹೀಗೆ ಹೊಸದಾಗುತ್ತದೆ. ಅಂದರೆ ನಿಮ್ಮ ಅಣ್ಣನ ಕಾಲು ಮುರಿಯುವುದಕ್ಕೆ ಮೊದಲೇ ಅಲ್ಲಿ ಕೆಡವುವ ಮತ್ತು ಕಟ್ಟುವ ಕೆಲಸ ಪ್ರತಿದಿನವೂ ನಡೆದಿತ್ತು.

ಸಾಗರದ ಫಿಸಿಯೋಥೆರಪಿಸ್ಟ್ · ಮಾರ್ಚ್ 15

ಮೇಷ್ಟ್ರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಭಾರ ಬಿದ್ದಲ್ಲಿ ಮೂಳೆ ಬಲಿಯುತ್ತದೆ, ಭಾರ ಬೀಳದಲ್ಲಿ ಸವೆಯುತ್ತದೆ ಎಂಬ ನಿಯಮವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಮಂಡಿಸಿದರು. ಇದಕ್ಕೆ ಈ ಕಾಲದ ಅತ್ಯಂತ ಸ್ಪಷ್ಟ ಸಾಕ್ಷಿ ಬಾಹ್ಯಾಕಾಶ ಯಾತ್ರಿಗಳು. ತೂಕವೇ ಇಲ್ಲದ ಸ್ಥಿತಿಯಲ್ಲಿ ಅವರ ಚಪ್ಪೆಯ, ಅಂದರೆ ಸೊಂಟದ ಕೀಲಿನ, ಮೂಳೆಯ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುತ್ತದೆ. ತಿಂಗಳುಗಟ್ಟಲೆ ಮಂಚ ಹಿಡಿದವರ ಕಾಲಿನಲ್ಲಿ ಆಗುವುದೂ ಇದೇ ಬಗೆಯ ನಷ್ಟ, ಜೊತೆಗೆ ತೊಡೆಯ ಮತ್ತು ಮೀನಖಂಡದ ಸ್ನಾಯುಗಳು ಕರಗುತ್ತವೆ, ಹರಡಿನ ಕೀಲು ಬಿಗಿದುಕೊಳ್ಳುತ್ತದೆ.

ನನ್ನ ಕೆಲಸದಲ್ಲಿ ಪದೇ ಪದೇ ಕಾಣುವುದು ನಿಮ್ಮ ಮನೆಯ ಸ್ಥಿತಿಯನ್ನೇ. ಪ್ರೀತಿಯಿಂದಲೇ ಮನೆಯವರು ರೋಗಿಯನ್ನು ಏಳಲು ಬಿಡುವುದಿಲ್ಲ. ಹಿಂದೆ ರಾಡ್ ಇಲ್ಲದ ಕಾಲದಲ್ಲಿ, ಪ್ಲಾಸ್ಟರ್ ಅಥವಾ ತೂಕ ಕಟ್ಟಿ ಎಳೆದಿಡುವ ಉಪಾಯ ಮಾತ್ರ ಇದ್ದಾಗ, ಮಲಗುವುದು ಅನಿವಾರ್ಯವಾಗಿತ್ತು, ಆಗ ಸರಿಯಾಗಿದ್ದ ಹಿರಿಯರ ಮಾತು ಈಗಲೂ ಉಳಿದುಕೊಂಡಿದೆ. ರಾಡ್ ಹಾಕುವುದರ ಮುಖ್ಯ ಉದ್ದೇಶವೇ ಬೇಗ ಏಳಿಸುವುದು. ಹಾಗೆಂದು ಎಲ್ಲ ಮುರಿತಕ್ಕೂ ಒಂದೇ ಸೂತ್ರ ಹೊಂದುವುದಿಲ್ಲ. ಕೀಲಿನ ಮುಖವೇ ಒಡೆದಿದ್ದರೆ, ಪ್ಲೇಟ್ ಹಾಕಿದ್ದರೆ, ಮೂಳೆ ಪುಡಿಯಾಗಿದ್ದರೆ, ಭಾರ ಹಾಕುವ ದಿನವನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ನಿರ್ಧರಿಸಬೇಕು. ನಿಮ್ಮ ಅಣ್ಣನಿಗೆ ಅವರು ಆರು ವಾರವೆಂದು ಹೇಳಿಯೇ ಇದ್ದರು, ಅದನ್ನು ಅಮ್ಮನಿಗೆ ಮೃದುವಾಗಿ ನೆನಪಿಸಿ.

ಸೊರಬದ ಕೃಷಿಕ · ಮಾರ್ಚ್ 15

ನಾಟಿ ವೈದ್ಯರ ಪರವಾಗಿ ಒಂದು ಮಾತು ಹೇಳಬೇಕೆನಿಸಿತು. ನನ್ನ ದೊಡ್ಡಪ್ಪ ಊರಿನಲ್ಲಿ ಮೂಳೆ ಕಟ್ಟುತ್ತಿದ್ದರು, ಯಾರಿಂದಲೂ ಹಣ ಮುಟ್ಟುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ ಬೆರಳಿನಿಂದ ಸವರಿ, ಮೂಳೆ ಎಲ್ಲಿ ಸರಿದಿದೆ ಎಂದು ಹೇಳುತ್ತಿದ್ದರು. ಎಳೆದು ಕೂಡಿಸಿ, ಮೊಟ್ಟೆಯ ಬಿಳಿ ಮತ್ತು ಸೊಪ್ಪಿನ ಲೇಪ ಹಚ್ಚಿ, ಬಟ್ಟೆ ಸುತ್ತಿ ಬಿದಿರಿನ ದಬ್ಬೆ ಕಟ್ಟುತ್ತಿದ್ದರು. ಕೈ ಮುರಿದ ಎಷ್ಟೋ ಜನ ವಾಸಿಯಾಗಿ ಗದ್ದೆ ಕೆಲಸಕ್ಕೆ ಮರಳಿದ್ದನ್ನು ನಾನೇ ಕಂಡಿದ್ದೇನೆ. ಸುಶ್ರುತನ ಕಾಲದಿಂದಲೂ ಅಶ್ವತ್ಥ, ಅತ್ತಿ, ಆಲ ಮೊದಲಾದ ಮರಗಳ ತೊಗಟೆಯಿಂದಲೂ ಬಿದಿರಿನಿಂದಲೂ ದಬ್ಬೆ ಕಟ್ಟುವ ಪದ್ಧತಿ ನಮ್ಮಲ್ಲಿದೆ. ರಸ್ತೆಯಿಲ್ಲದ, ಮಳೆಗಾಲದಲ್ಲಿ ಸಂಕ ಕೊಚ್ಚಿಹೋಗುತ್ತಿದ್ದ ಊರುಗಳಿಗೆ ಆಸರೆಯಾಗಿದ್ದವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ನನಗೆ ನೋವುಂಟುಮಾಡುತ್ತದೆ.

ಕೊಪ್ಪದ ಓದುಗ · ಮಾರ್ಚ್ 15

ಸೊರಬದವರ ದೊಡ್ಡಪ್ಪನವರ ಬಗ್ಗೆ ನನಗೆ ಗೌರವವಿದೆ, ಅಂತಹವರು ಇದ್ದರು. ನನ್ನ ಅನುಭವ ಬೇರೆಯಾದದ್ದರಿಂದ ಬರೆಯುತ್ತಿದ್ದೇನೆ. ಏಳನೆಯ ವಯಸ್ಸಿನಲ್ಲಿ ನಾನು ಪೇರಳೆ ಮರದಿಂದ ಬಿದ್ದು ಬಲಗೈ ಮೊಣಕೈಯ ಮೇಲುಭಾಗದಲ್ಲಿ ಮುರಿಯಿತು. ಒಬ್ಬರು ಬಿಗಿಯಾಗಿ ದಬ್ಬೆ ಕಟ್ಟಿದರು. ರಾತ್ರಿಯಿಡೀ ನೋವಿನಿಂದ ಕಿರುಚಿದೆ. ಮೂಳೆ ಕೂಡುವಾಗ ನೋಯುವುದು ಸಹಜವೆಂದು ಮನೆಯವರು ಸಮಾಧಾನ ಮಾಡಿದರು. ಬೆರಳುಗಳು ಊದಿ, ಬಿಳುಚಿ, ಮರಗಟ್ಟಿದವು. ಎರಡು ದಿನದ ಮೇಲೆ ಕಟ್ಟು ಬಿಚ್ಚಿದಾಗ ತಡವಾಗಿತ್ತು. ಮೂಳೆ ಏನೋ ಕೂಡಿತು, ಆದರೆ ಮುಂಗೈಯ ಸ್ನಾಯುಗಳು ರಕ್ತವಿಲ್ಲದೆ ಸತ್ತು, ಒಣಗಿ ಗಿಡ್ಡವಾಗಿ, ಬೆರಳುಗಳು ಒಳಕ್ಕೆ ಮಡಚಿಕೊಂಡು ನಿಂತವು. ಈಗ ನನಗೆ 52 ವರ್ಷ. ಎಡಗೈಯಲ್ಲಿ ಬರೆಯುತ್ತೇನೆ.

ದೊಡ್ಡವನಾದ ಮೇಲೆ ಈ ತೊಂದರೆಗೆ ಫೋಲ್ಕ್‌ಮನ್ ಸಂಕೋಚನ ಎಂಬ ಹೆಸರಿದೆ ಎಂದೂ, ರಿಚರ್ಡ್ ಫಾನ್ ಫೋಲ್ಕ್‌ಮನ್ ಎಂಬ ಜರ್ಮನ್ ವೈದ್ಯರು 1881ರಲ್ಲೇ ಬಿಗಿ ಕಟ್ಟಿನ ಅಪಾಯವನ್ನು ವಿವರಿಸಿದ್ದರೆಂದೂ ತಿಳಿಯಿತು. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ಆಗಬಹುದು. ಆದ್ದರಿಂದ ಯಾರು ಕಟ್ಟಿದರು ಎಂಬುದಕ್ಕಿಂತ, ಕಟ್ಟಿದ ಮೇಲೆ ಬೆರಳುಗಳನ್ನು ಯಾರು ನೋಡುತ್ತಾರೆ ಎಂಬುದೇ ನನಗೆ ದೊಡ್ಡ ವಿಷಯ. ಮಕ್ಕಳು ಕಟ್ಟಿನೊಳಗೆ ಅತಿಯಾಗಿ ನೋಯುತ್ತಿದೆ ಎಂದರೆ, ಬೆರಳನ್ನು ಮೆಲ್ಲನೆ ನೇರ ಮಾಡಿದಾಗ ಚೀರಿದರೆ, ದಯವಿಟ್ಟು ಬೆಳಗಾಗುವ ತನಕ ಕಾಯಬೇಡಿ. ಸ್ನಾಯು ಉಳಿಯುವ ಲೆಕ್ಕ ಗಂಟೆಗಳಲ್ಲಿದೆ.

ಮೂಳೆ ವಿಭಾಗದ ಕಿರಿಯ ವೈದ್ಯೆ, ಶಿವಮೊಗ್ಗ · ಮಾರ್ಚ್ 16

ಕೊಪ್ಪದವರ ಮಾತಿನ ಪ್ರತಿ ಅಕ್ಷರವೂ ನಿಜ, ಅದನ್ನು ಬರೆದದ್ದಕ್ಕೆ ಕೃತಜ್ಞತೆಗಳು. ಈಗ ನಿಟ್ಟೂರಿನವರ ಪ್ರಶ್ನೆಗೆ ಬರುತ್ತೇನೆ. ಎಕ್ಸ್-ರೇ ನೋಡದೆ ಯಾರ ಕಾಲಿನ ಬಗ್ಗೆಯೂ ತೀರ್ಪು ಕೊಡುವುದು ಸರಿಯಲ್ಲ, ಆದ್ದರಿಂದ ಸ್ಕ್ರೂ ತೆಗೆಯುವುದರ ಹಿಂದಿನ ತರ್ಕವನ್ನು ಮಾತ್ರ ಹೇಳುತ್ತೇನೆ.

ಮೂಳೆ ಮುರಿದ ಕ್ಷಣದಲ್ಲಿ ಅದರ ರಕ್ತನಾಳಗಳೂ ಹರಿದು ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ವಾಸಿಯಾಗುವ ಕೆಲಸದ ಮೊದಲ ಹಂತ. ಮೊದಲ ಕೆಲವು ದಿನಗಳ ಬಾವಿನಲ್ಲಿ ಸತ್ತ ಅಂಶಗಳನ್ನು ತೆರವು ಮಾಡುವ ಕೋಶಗಳು ಬರುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ. ಎರಡು ಮೂರು ವಾರಗಳಲ್ಲಿ ಮುರಿದ ತುದಿಗಳ ಸುತ್ತ ನಾರು ಮತ್ತು ಮೃದ್ವಸ್ಥಿಯ ಮೆತ್ತನೆಯ ಗಂಟು ಕಟ್ಟುತ್ತದೆ, ಇದನ್ನೇ ಕ್ಯಾಲಸ್ ಎನ್ನುತ್ತೇವೆ. ಮುಂದಿನ ವಾರಗಳಲ್ಲಿ ಆ ಗಂಟಿಗೆ ಖನಿಜ ಸೇರಿ ಗಟ್ಟಿಯಾಗುತ್ತದೆ, ಆಗ ಮಾತ್ರ ಅದು ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಕೊನೆಯಲ್ಲಿ, ತಿಂಗಳುಗಳಿಂದ ಹಿಡಿದು ವರ್ಷಗಳ ತನಕ, ಮೇಷ್ಟ್ರು ಹೇಳಿದ ಅದೇ ಕೋಶಗಳು ಹೆಚ್ಚುವರಿ ಗಂಟನ್ನು ಕರಗಿಸಿ ಮೂಳೆಯನ್ನು ಹಳೆಯ ಆಕಾರಕ್ಕೆ ತರುತ್ತವೆ. ಚರ್ಮದ ಗಾಯ ವಾಸಿಯಾದಲ್ಲಿ ಕಲೆ ಉಳಿಯುತ್ತದೆ. ಮೂಳೆ ಮಾತ್ರ ಮತ್ತೆ ಮೂಳೆಯಾಗಿಯೇ ಕೂಡುತ್ತದೆ. ಈ ವಿಷಯ ಓದುವಾಗಲೆಲ್ಲ ನನಗೆ ಈಗಲೂ ಬೆರಗಾಗುತ್ತದೆ.

ಈ ಗಂಟು ಕಟ್ಟಲು ಮೂರು ಅನುಕೂಲಗಳು ಬೇಕು: ರಕ್ತ, ತುದಿಗಳ ಸಾಮೀಪ್ಯ, ಮತ್ತು ಹದವಾದ ಅಲುಗಾಟ. ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕಸಿ ಕಟ್ಟಿದವರಿಗೆ ಇದರ ಅರ್ಧ ಗೊತ್ತಿರುತ್ತದೆ, ಎರಡು ತುಂಡುಗಳು ತಾಗಿಕೊಂಡಿರದಿದ್ದರೆ, ಅಥವಾ ಗಾಳಿಗೆ ಸಡಿಲವಾಗಿ ಆಡುತ್ತಿದ್ದರೆ, ಕಸಿ ಹಿಡಿಯುವುದಿಲ್ಲ. ಕಸಿಗೂ ಮೂಳೆಗೂ ಇರುವ ವ್ಯತ್ಯಾಸವೇನೆಂದರೆ, ರಾಡ್ ಹಾಕಿದ ಮೂಳೆಯಲ್ಲಿ ಎಳ್ಳಷ್ಟೂ ಅಲುಗಾಟವಿಲ್ಲದಿದ್ದರೆ, ಎರಡು ತುದಿಗಳ ನಡುವೆ ಸಣ್ಣ ಸಂದೂ ಉಳಿದಿದ್ದರೆ, ಗಂಟು ಬೆಳೆಯಲು ಪ್ರಚೋದನೆಯೇ ಸಿಗುವುದಿಲ್ಲ. ರಾಡ್‌ನ ಎರಡೂ ತುದಿಯ ಸ್ಕ್ರೂಗಳು ಮೂಳೆಯ ಉದ್ದವನ್ನು ಕಾಯುತ್ತವೆ ಮತ್ತು ತಿರುಚುವಿಕೆಯನ್ನು ತಡೆಯುತ್ತವೆ. ಮೊದಲ ತಿಂಗಳುಗಳಲ್ಲಿ ಅದು ಅಗತ್ಯ. ಆದರೆ ಅವೇ ಸ್ಕ್ರೂಗಳು ಮುರಿದ ತುದಿಗಳು ಒಂದಕ್ಕೊಂದು ತಾಗದಂತೆ ದೂರ ಹಿಡಿದಿಡಲೂಬಹುದು. ಒಂದು ಕಡೆಯ ಸ್ಕ್ರೂ ತೆಗೆದು ನಡೆದರೆ, ಪ್ರತಿ ಹೆಜ್ಜೆಗೂ ಮೂಳೆ ರಾಡ್‌ನ ಮೇಲೆ ಕೂದಲೆಳೆಯಷ್ಟು ಜಾರಿ, ತುದಿಗಳು ಒತ್ತಿಕೊಳ್ಳುತ್ತವೆ. ರಾಡ್ ಅಲ್ಲೇ ಇರುವುದರಿಂದ ಕಾಲು ಸೊಟ್ಟಗಾಗುವುದನ್ನು ಅದು ತಡೆಯುತ್ತದೆ. ಆಧಾರವನ್ನು ತೆಗೆಯುತ್ತಿದ್ದಾರೆ ಎನ್ನುವುದಕ್ಕಿಂತ, ಇಲ್ಲಿಯವರೆಗೆ ರಾಡ್ ಒಂದೇ ಹೊರುತ್ತಿದ್ದ ಭಾರದಲ್ಲಿ ಮೂಳೆಗೂ ಪಾಲು ಕೊಡುತ್ತಿದ್ದಾರೆ ಎಂದು ತಾಯಿಯವರಿಗೆ ಹೇಳಿ. ಉದ್ದುದ್ದವಾಗಿ ಓರೆಯಾಗಿ ಸೀಳಿದ ಮುರಿತಗಳಲ್ಲಿ ಕಾಲು ಗಿಡ್ಡವಾಗುವ ಅಪಾಯವಿರುವುದರಿಂದ ಎಲ್ಲರಿಗೂ ಇದನ್ನು ಮಾಡುವುದಿಲ್ಲ, ನಿಮ್ಮ ವೈದ್ಯರನ್ನು ಇದೊಂದನ್ನು ಕೇಳಿಕೊಳ್ಳಿ.

ನಾಲ್ಕು ತಿಂಗಳಿಗೆ ಕೂಡಿಲ್ಲವೆಂದು ಕಂಗೆಡುವುದೂ ಬೇಡ. ಹಸುಗೂಸಿನ ತೊಡೆಮೂಳೆ ಮೂರು ವಾರಗಳಲ್ಲಿ ಕೂಡಿದರೆ, ವಯಸ್ಕರ ಮೊಣಕಾಲಿನ ಕೆಳಗಿನ ಮೂಳೆಗೆ ನಾಲ್ಕೈದು ತಿಂಗಳು ಹಿಡಿಯುವುದು ಸಾಮಾನ್ಯ. ಅದರಲ್ಲೂ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಮೂಳೆಯ ಸುತ್ತ ಸ್ನಾಯು ಕಡಿಮೆ, ಚರ್ಮದ ಕೆಳಗೇ ಮೂಳೆ ಕೈಗೆ ಸಿಗುತ್ತದೆ, ರಕ್ತ ಪೂರೈಕೆ ಬಡವಾಗಿರುತ್ತದೆ. ಒಂಬತ್ತು ತಿಂಗಳು ಕಳೆದು, ಅದರಲ್ಲಿ ಕೊನೆಯ ಮೂರು ತಿಂಗಳು ಎಕ್ಸ್-ರೇಯಲ್ಲಿ ಏನೂ ಬದಲಾಗದಿದ್ದಾಗಲೇ ಸಾಮಾನ್ಯವಾಗಿ ಕೂಡದ ಮೂಳೆ ಎಂಬ ಹೆಸರು ಕೊಡುತ್ತಾರೆ.

ಒಂದು ಪ್ರಶ್ನೆ ನನ್ನ ಕಡೆಯಿಂದ: ಅಣ್ಣ ಬೀಡಿ ಸೇದುತ್ತಾರೆಯೇ?

ನಿಟ್ಟೂರಿನ ತೋಟದಮನೆ · ಮಾರ್ಚ್ 16

ಸೇದುತ್ತಾರೆ. ಮಂಚದಲ್ಲಿ ಮಲಗಿದ ಮೇಲೆ ಬೇಸರಕ್ಕೆ ಹೆಚ್ಚೇ ಆಗಿದೆ. ಎಲೆಯಡಿಕೆ ಕವಳಕ್ಕೆ ತಂಬಾಕೂ ಇದೆ.

ಮೂಳೆ ವಿಭಾಗದ ಕಿರಿಯ ವೈದ್ಯೆ, ಶಿವಮೊಗ್ಗ · ಮಾರ್ಚ್ 16

ಹಾಗಿದ್ದರೆ ಸ್ಕ್ರೂವಿಗಿಂತ ಮೊದಲು ಬೀಡಿಯ ಮಾತಾಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಮೊದಲೇ ರಕ್ತ ಕಡಿಮೆಯಿರುವ ಜಾಗಕ್ಕೆ ಇದು ದೊಡ್ಡ ಏಟು. ಸೇದುವವರಲ್ಲಿ ಈ ಮೂಳೆ ನಿಧಾನವಾಗಿ ಕೂಡುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದ ಸಂಗತಿ. ತಂಬಾಕಿನಲ್ಲೂ ನಿಕೋಟಿನ್ ಇದೆ, ಅದನ್ನೂ ಬಿಡಲಿ. ಸಕ್ಕರೆ ಕಾಯಿಲೆಯಿದೆಯೇ ಎಂದೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಹೊಸನಗರದ ಒಬ್ಬ ತಾಯಿ · ಮಾರ್ಚ್ 17

ನನ್ನ ಮಗಳಿಗೆ ಒಂಬತ್ತು ವರ್ಷ. ಜಾರಿ ಬಿದ್ದು ಮಣಿಕಟ್ಟಿನ ಹತ್ತಿರ ಮುರಿದು, ಐದು ವಾರಕ್ಕೆ ಪೂರ್ತಿ ವಾಸಿಯಾಯಿತು. ಆದರೂ ಒಂದು ವರ್ಷದ ತನಕ ಆಗಾಗ ತೋರಿಸಬೇಕೆಂದು, ಬೆಳೆಯುವ ಜಾಗಕ್ಕೆ ಪೆಟ್ಟಾಗಿದೆಯೆಂದು ಹೇಳಿದ್ದಾರೆ. ನೋವೇ ಇಲ್ಲದಿರುವಾಗ ಇದು ಅಗತ್ಯವೇ?

ಜೀವಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ · ಮಾರ್ಚ್ 17

ಅಗತ್ಯವಿದೆ, ತಾಯಿ. ಅಡಿಕೆ ಮರ ಉದ್ದವಾಗುವುದು ಸುಳಿಯಲ್ಲಿ ಮಾತ್ರ. ಸುಳಿ ಕೊಳೆ ಬಂದರೆ ಬುಡ ಎಷ್ಟೇ ಗಟ್ಟಿಯಿದ್ದರೂ ಮರ ಮೇಲೇಳುವುದಿಲ್ಲ. ಮಕ್ಕಳ ಉದ್ದ ಮೂಳೆಗಳಲ್ಲೂ ಬೆಳವಣಿಗೆ ನಡೆಯುವುದು ತುದಿಗಳ ಹತ್ತಿರವಿರುವ ಮೃದ್ವಸ್ಥಿಯ ಒಂದು ತೆಳು ಬಿಲ್ಲೆಯಲ್ಲಿ. ಆ ಬಿಲ್ಲೆಯ ಕೋಶಗಳು ಸಾಲಾಗಿ ವಿಭಜನೆಯಾಗಿ, ಊದಿಕೊಂಡು, ಹಿಂಬದಿಯಿಂದ ಮೂಳೆಯಾಗಿ ಮಾರ್ಪಡುತ್ತಾ ಹೋಗುತ್ತವೆ. ಮೂಳೆ ದಪ್ಪವಾಗುವುದು ಬೇರೆ ದಾರಿಯಲ್ಲಿ, ಹೊರಪೊರೆಯ ಕೆಳಗೆ ಹೊಸ ಪದರ ಸೇರುವುದರಿಂದ. ಅಡಿಕೆ ಮರಕ್ಕೆ ಈ ಶಕ್ತಿ ಇಲ್ಲದ್ದರಿಂದ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಹುಟ್ಟುವಾಗ ಮಗುವಿನಲ್ಲಿ 270ಕ್ಕೂ ಹೆಚ್ಚು ಮೂಳೆಗಳಿದ್ದು, ತುಂಡುಗಳು ಕೂಡಿಕೊಳ್ಳುತ್ತಾ ಬಂದು ದೊಡ್ಡವರಲ್ಲಿ 206 ಉಳಿಯುತ್ತವೆ. ಹುಡುಗಿಯರಲ್ಲಿ ಈ ಬಿಲ್ಲೆಗಳು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಮುಚ್ಚಿಕೊಳ್ಳುತ್ತವೆ.

ಬಿಲ್ಲೆಯ ಒಂದು ಬದಿಗೆ ಮಾತ್ರ ಪೆಟ್ಟಾಗಿ ಅಲ್ಲಿ ಬೆಳವಣಿಗೆ ನಿಂತು, ಇನ್ನೊಂದು ಬದಿ ಬೆಳೆಯುತ್ತಾ ಹೋದರೆ ಕೈ ಸೊಟ್ಟಗಾಗುತ್ತದೆ. ಅದು ತಿಂಗಳುಗಳ ಮೇಲೆ ಕಾಣಿಸಿಕೊಳ್ಳುವಂಥದ್ದು, ನೋವಿನಿಂದ ತಿಳಿಯುವುದಿಲ್ಲ. 1963ರಲ್ಲಿ ಕೆನಡಾದ ಸಾಲ್ಟರ್ ಮತ್ತು ಹ್ಯಾರಿಸ್ ಈ ಪೆಟ್ಟುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಹೆಚ್ಚಾಗಿ ಕಾಣುವ ಬಗೆಗಳು ಸಾಮಾನ್ಯವಾಗಿ ತೊಂದರೆಯಿಲ್ಲದೆ ವಾಸಿಯಾಗುತ್ತವೆ. ಮಕ್ಕಳ ಮೂಳೆ ಸ್ವಲ್ಪ ಬಾಗಿ ಕೂಡಿದ್ದರೂ ಬೆಳೆಯುತ್ತಾ ತಾನೇ ನೇರವಾಗುವ ಗುಣವಿದೆ, ತಿರುಚಿ ಕೂಡಿದ್ದರೆ ಮಾತ್ರ ಅದು ಸರಿಹೋಗುವುದಿಲ್ಲ.

ರಿಪ್ಪನ್‌ಪೇಟೆಯ ಓದುಗ · ಮಾರ್ಚ್ 18

ಬೆಳವಣಿಗೆಯ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಕಡೆ ಹಂದಿಗೋಡು ಕಾಯಿಲೆಯ ಬಗ್ಗೆ ಕೇಳುತ್ತಲೇ ಬೆಳೆದಿದ್ದೇವೆ. ಅದು ನೀರಿನಿಂದ ಬರುತ್ತದೆ, ಗದ್ದೆಯ ಏಡಿ ತಿಂದದ್ದರಿಂದ ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಿಜವೇನು?

ಸಾಗರದ ಫಿಸಿಯೋಥೆರಪಿಸ್ಟ್ · ಮಾರ್ಚ್ 18

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಇದು ಗಮನಕ್ಕೆ ಬಂದಾಗ, ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಗಳ ಮೇಲೆ ಅನುಮಾನ ಹೋಗಿದ್ದು ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಸೇರಿ ಹಲವರು ಅಧ್ಯಯನ ಮಾಡಿದ ಮೇಲೆ, ಇದು ವಂಶದಲ್ಲಿ ಹರಿದುಬರುವ, ಮೂಳೆಯ ತುದಿಗಳ ಮತ್ತು ಬೆನ್ನುಮೂಳೆಯ ಬೆಳವಣಿಗೆಯ ದೋಷವೆಂದು ತೋರಿಬಂತು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಇಂತಹ ಕುಟುಂಬಗಳಿವೆ. ಕೀಲಿನ ಮುಖಗಳು ನಯವಾಗಿ ಬೆಳೆಯದೆ, ಮುಖ್ಯವಾಗಿ ಚಪ್ಪೆಯ ಕೀಲು, ಜೊತೆಗೆ ಮೊಣಕಾಲು, ಎಳೆಯ ವಯಸ್ಸಿನಲ್ಲೇ ಸವೆದು ನಡೆಯಲಾಗದಂತೆ ಮಾಡುತ್ತವೆ. ಕೆಲವರಲ್ಲಿ ಎತ್ತರವೂ ಕುಂಠಿತವಾಗುತ್ತದೆ.

ಮುಟ್ಟಿದರೆ, ಜೊತೆಗೆ ಉಂಡರೆ, ಅದೇ ಬಾವಿಯ ನೀರು ಕುಡಿದರೆ ಬರುವ ಕಾಯಿಲೆ ಇದಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೂಲಿಯನ್ನೇ ನಂಬಿದ ಮನೆಗಳಲ್ಲಿ ಮೂವತ್ತು ದಾಟುವ ಮೊದಲೇ ಕೋಲೂರಿ ನಡೆಯುವವರ ಕಷ್ಟ ಅವರ ಮೂಳೆಯದಷ್ಟೇ ಆಗಿರುವುದಿಲ್ಲ. ಅವರಿಗೆ ಹಗುರವಾದ ವ್ಯಾಯಾಮ, ನೋವಿನ ಚಿಕಿತ್ಸೆ, ತೀರಾ ಸವೆದಾಗ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಮನೆಯ ಹತ್ತಿರವೇ ಮಾಡಬಹುದಾದ ಕೆಲಸ, ಇಷ್ಟೂ ಬೇಕು.

ಆಗುಂಬೆ ಕಡೆಯವಳು · ಮಾರ್ಚ್ 19

ಕಳೆದ ಆಷಾಢದಲ್ಲಿ ನನ್ನ ಅತ್ತೆ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಕೂತಷ್ಟಕ್ಕೇ ಚಪ್ಪೆ ಮುರಿಯಿತು. ಜಾರದಂತೆ ಅಡಿಕೆ ಸೋಗೆ ಹಾಸುವುದು ಒಂದು ದಿನ ತಡವಾಗಿತ್ತು. ಅಷ್ಟು ಸಣ್ಣ ಬೀಳಿಗೆ ಅಷ್ಟು ದೊಡ್ಡ ಮೂಳೆ ಹೇಗೆ ಮುರಿಯಿತೆಂದು ಇಂದಿಗೂ ಕೊರಗುತ್ತೇನೆ.

ಮೂಳೆ ವಿಭಾಗದ ಕಿರಿಯ ವೈದ್ಯೆ, ಶಿವಮೊಗ್ಗ · ಮಾರ್ಚ್ 20

ನೀವು ಕೊರಗಬೇಕಾದದ್ದಿಲ್ಲ, ಅಕ್ಕ. ಮುಟ್ಟು ನಿಂತ ಮೇಲಿನ ಮೊದಲ ಐದಾರು ವರ್ಷಗಳಲ್ಲಿ ಹೆಂಗಸರ ಮೂಳೆ ಬಹಳ ವೇಗವಾಗಿ ಸವೆಯುತ್ತದೆ, ಏಕೆಂದರೆ ಮೂಳೆ ಕರಗಿಸುವ ಕೋಶಗಳನ್ನು ಹಿಡಿದಿಟ್ಟಿದ್ದ ಈಸ್ಟ್ರೋಜನ್ ಕಡಿಮೆಯಾಗುತ್ತದೆ. ಮೊದಲು ತೆಳುವಾಗುವುದು ಮೇಷ್ಟ್ರು ಹೇಳಿದ ಜೇನುಗೂಡಿನ ಕಂಬಿಗಳು. ಚಪ್ಪೆ, ಬೆನ್ನುಮೂಳೆ, ಮಣಿಕಟ್ಟು ಈ ಮೂರೂ ಕಡೆ ಅಂತಹ ಮೂಳೆಯೇ ಹೆಚ್ಚು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಎಂಬ ಪರೀಕ್ಷೆಯಲ್ಲಿ, ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಮೂಳೆ ಸವೆತವೆಂದು ಕರೆಯುತ್ತಾರೆ. ಅತ್ತೆಯವರಿಗೆ ಇನ್ನೊಂದು ಮೂಳೆ ಮುರಿಯದಂತೆ ಔಷಧಿಯಿದೆ, ಒಮ್ಮೆ ಕೇಳಿ ಪ್ರಾರಂಭಿಸಿ. ಚಪ್ಪೆ ಮುರಿದವರನ್ನು ವಯಸ್ಸಾಯಿತೆಂದು ಮನೆಯಲ್ಲೇ ಮಲಗಿಸಿಡುವ ಕುಟುಂಬಗಳು ಇನ್ನೂ ಇವೆ. ಒಂದೆರಡು ದಿನದೊಳಗೆ ಆಪರೇಷನ್ ಆಗಿ ಕೂರಿಸಿ ನಡೆಸಿದರೆ ಉಳಿಯುವ ಜೀವಗಳು ಹಾಸಿಗೆ ಹುಣ್ಣು ಮತ್ತು ನ್ಯುಮೋನಿಯಾದಿಂದ ಹೋಗುತ್ತವೆ.

ಮಲೆನಾಡಿನ ಊಟ ಬಹುಪಾಲು ಅಕ್ಕಿಯದು: ರೊಟ್ಟಿ, ಕಡುಬು, ಗಂಜಿ. ಅಕ್ಕಿಯಲ್ಲಿ ಕ್ಯಾಲ್ಸಿಯಂ ತೀರಾ ಅಲ್ಪ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ರಾಗಿ, ಹಾಲು ಮಜ್ಜಿಗೆ, ಎಳ್ಳು, ನುಗ್ಗೆ ಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು, ಯಾವುದು ಮನೆಗೆ ಹೊಂದುತ್ತದೋ ಅದನ್ನು ಸೇರಿಸಿಕೊಳ್ಳಿ. ಆದರೆ ಕರುಳು ಅದನ್ನು ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಅದು ಚರ್ಮಕ್ಕೆ ಬಿಸಿಲು ತಾಗಿದಾಗ ತಯಾರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಅಪರೂಪವಾದ ನಿಮ್ಮ ಊರಿನಲ್ಲಿ, ಮನೆಯೊಳಗೇ ಇರುವ ಹಿರಿಯರಿಗೆ ಅದರ ಕೊರತೆ ಸುಲಭವಾಗಿ ಆಗಬಹುದು. ಕಿಟಕಿಯ ಗಾಜಿನೊಳಗಿನ ಬಿಸಿಲಿನಿಂದ ಇದು ದೊರೆಯುವುದಿಲ್ಲ.

ಸೊರಬದ ಕೃಷಿಕ · ಮಾರ್ಚ್ 21

ಕೊಪ್ಪದವರ ಬರಹವನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡಪ್ಪ ಕಟ್ಟಿದ ಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ಆ ಮನೆಗೆ ನಡೆದುಹೋಗಿ ಉಗುರು ಒತ್ತಿ ನೋಡುತ್ತಿದ್ದದ್ದು ನೆನಪಾಯಿತು. ಅದು ಏಕೆಂದು ನಾನು ಎಂದೂ ಕೇಳಿರಲಿಲ್ಲ. ಮೂಳೆ ಚರ್ಮ ಸೀಳಿ ಹೊರಬಂದವರನ್ನು, ಬೆನ್ನಿಗೆ ಪೆಟ್ಟಾದವರನ್ನು ಅವರು ಮುಟ್ಟದೆ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸುತ್ತಿದ್ದರು. ನಿಟ್ಟೂರಿನ ತಮ್ಮನಿಗೆ ನನ್ನ ಸಲಹೆಯೂ ಈಗ ಅದೇ: ಒಳಗೆ ರಾಡ್ ಇರುವ ಕಾಲನ್ನು ಯಾರಿಂದಲೂ ಎಳೆಸಬೇಡಿ, ತಿಕ್ಕಿಸಬೇಡಿ.

ಇನ್ನೊಂದು ವಿಷಯ. ಮರದಿಂದ ಬಿದ್ದವರನ್ನು ನಮ್ಮ ಕಡೆ ಕಂಬಳಿಯ ಜೋಲಿಯಲ್ಲಿ ಹೊತ್ತು ತರುತ್ತೇವೆ. ಬೆನ್ನು ಮಡಚಿಕೊಳ್ಳುವುದರಿಂದ ಅದು ಅಪಾಯಕಾರಿ ಎಂದು ಕೇಳಿದ್ದೇನೆ. ತಿಳಿದವರು ಹೇಳಬೇಕು.

ಸಾಗರದ ಫಿಸಿಯೋಥೆರಪಿಸ್ಟ್ · ಮಾರ್ಚ್ 21

ಹೌದು. ಬೆನ್ನುಮೂಳೆ ಮುರಿದಿದ್ದು ಒಳಗಿನ ನರದ ಹುರಿ ಉಳಿದಿದ್ದರೆ, ಜೋಲಿಯ ಮಡಿಕೆಯೇ ಅದನ್ನು ಜಜ್ಜಿಬಿಡಬಹುದು. ಬಾಗಿಲಿನ ಹಲಗೆಯನ್ನೋ ಏಣಿಯ ಮೇಲೆ ಹಲಗೆಯನ್ನೋ ಇಟ್ಟು, ನಾಲ್ಕೈದು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರುವಂತೆ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಮಲಗಿಸಬೇಕು. ಕತ್ತಿನ ಎರಡೂ ಬದಿ ಬಟ್ಟೆಯ ಸುರುಳಿ ಇಡಿ. ಮುರಿದ ಕಾಲಿಗೆ ಅಡಿಕೆ ದಬ್ಬೆಯನ್ನು, ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಎರಡೂ ಕೀಲುಗಳು ಅಲುಗದಷ್ಟು ಉದ್ದಕ್ಕೆ, ಸಡಿಲವಾಗಿ ಕಟ್ಟಿ 108ಕ್ಕೆ ಕರೆ ಮಾಡಿ.

ನಿಟ್ಟೂರಿನ ತೋಟದಮನೆ · ಜೂನ್ 9

ಎಲ್ಲರಿಗೂ ತಿಳಿಸಬೇಕಾಗಿದೆ. ಇಲ್ಲಿ ಬರೆದದ್ದನ್ನೆಲ್ಲ ಅಮ್ಮನಿಗೆ ಎರಡು ಸಂಜೆ ಕೂತು ಓದಿ ಹೇಳಿದೆ. ತೊಲೆ ಮತ್ತು ಮರದ ಮಾತನ್ನು ಅವರು ಮತ್ತೊಮ್ಮೆ ಓದಿಸಿದರು. ಮಾರ್ಚ್ ಕೊನೆಯಲ್ಲಿ ಮೇಲಿನ ಸ್ಕ್ರೂಗಳನ್ನು ತೆಗೆದರು, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಮೊದಲ ವಾರ ಅಂಗಳದ ತುದಿಗೆ ಹೋಗಿಬರುವಷ್ಟರಲ್ಲಿ ಅಣ್ಣ ಬೆವರಿ ಕುಸಿಯುತ್ತಿದ್ದರು; ನೋವಿಗಿಂತ, ಕಾಲಿನಲ್ಲಿ ಬಲವೇ ಇರಲಿಲ್ಲ. ಬೀಡಿ ಬಿಟ್ಟಿದ್ದಾರೆ. ತಂಬಾಕು ಪೂರ್ತಿ ಬಿಟ್ಟಿಲ್ಲ, ಬಿಡಿಸುವ ಪ್ರಯತ್ನ ನಡೆದಿದೆ.

ನಿನ್ನೆ ತೆಗೆಸಿದ ಎಕ್ಸ್-ರೇಯಲ್ಲಿ ಮುರಿದ ಜಾಗದ ಸುತ್ತ ಬೆಳ್ಳನೆಯ ಗಂಟು ಕಾಣುತ್ತಿದೆ. ಎರಡು ಕೋನದಿಂದ ತೆಗೆದ ಚಿತ್ರಗಳಲ್ಲಿ ಕಾಣುವ ಮೂಳೆಯ ನಾಲ್ಕು ಅಂಚುಗಳ ಪೈಕಿ ಮೂರರಲ್ಲಿ ಸೇತುವೆ ಕಟ್ಟಿದೆ, ಆದ್ದರಿಂದ ಕೂಡಿದೆಯೆಂದೇ ಎಣಿಸಬಹುದು ಎಂದು ವೈದ್ಯರು ಹೇಳಿದರು. ಒಂದು ಊರುಗೋಲಿನಲ್ಲಿ ತೋಟದ ಮೊದಲ ಸಾಲಿನ ತನಕ ಹೋಗುತ್ತಾರೆ. ಕಾಲು ಸುಮಾರು ಅರ್ಧ ಸೆಂಟಿಮೀಟರ್ ಗಿಡ್ಡವಾಗಿದೆ, ಅದು ನಡಿಗೆಗೆ ತೊಂದರೆಯಿಲ್ಲವಂತೆ. ಈ ಸಲ ಕೊಳೆ ಔಷಧಿ ಹೊಡೆಯಲು ಅವರು ಮರ ಹತ್ತುವುದಿಲ್ಲ. ನೆಲದಿಂದಲೇ ಹೊಡೆಯುವ ಉದ್ದನೆಯ ದೋಟಿ ಇರುವವರಿಗೆ ಹೇಳಿಟ್ಟಿದ್ದೇವೆ. ಅಮ್ಮ ಮೊನ್ನೆಯೇ ಅಂಗಳಕ್ಕೆ ಸೋಗೆ ಹಾಸಿಸಿದರು. ಮುಂದಿನ ಎಕ್ಸ್-ರೇ ಆಗಸ್ಟ್‌ನಲ್ಲಿ.